ಎರಡನೇ ಸಲ ಅದ್ದಿದ ಬೆರಳು

ನನ್ನ ಹೋಟೆಲಿನ ದೋಸೆಹಿಟ್ಟಿಗೆ ನಾನಲ್ಲದೆ ಇನ್ನೊಬ್ಬರು ಬೆರಳು ಹಾಕುವಂತಿಲ್ಲ. ಇದು ಮೂವತ್ತೊಂದು ವರ್ಷದ ಕಾನೂನು. ಮಂಗಳೂರಿನ ಕದ್ರಿ ಪಾರ್ಕಿನಲ್ಲಿ ವಾಕಿಂಗ್ ಮುಗಿಸಿದ ಯಾರನ್ನು ಬೇಕಾದರೂ ಕೇಳಿ, ಜಯಪಾಲ ಶೆಟ್ಟಿಯ ಹೋಟೆಲು ಎಲ್ಲಿ ಎಂದು ಕೈ ತೋರಿಸುತ್ತಾರೆ. ಅಲ್ಲಿ ಬೆಳಿಗ್ಗೆ ಐದೂವರೆಗೆ ನಾನು ಕೈ ತೊಳೆದು, ತೋರುಬೆರಳನ್ನು ಹಿಟ್ಟಿಗೆ ಅದ್ದಿ ನಾಲಗೆಗೆ ಇಡುತ್ತೇನೆ. ಹುಳಿ ಎಷ್ಟು ಬಂದಿದೆ, ಉಪ್ಪು ಎಷ್ಟು ಬೇಕು, ಇವತ್ತು ತೆಳ್ಳಗೆ ಹೊಯ್ಯಬೇಕೋ ದಪ್ಪಗೋ, ಎಲ್ಲ ಆ ಬೆರಳಿಗೆ ಗೊತ್ತಾಗುತ್ತದೆ. ಆದರೆ ಒಂದೇ ಸಲ. ನಾಲಗೆ ಮುಟ್ಟಿದ ಬೆರಳು ಎಂಜಲು, ಅದು ಮತ್ತೆ ಪಾತ್ರೆಗೆ ಹೋಗಬಾರದು. ಚಿಕ್ಕವನಿದ್ದಾಗ ಎರಡನೇ ಸಲ ಅದ್ದಿದ್ದಕ್ಕೆ ಅಮ್ಮ ಸೌಟಿನಿಂದ ಕೊಟ್ಟ ಪೆಟ್ಟು ಇನ್ನೂ ನೆನಪಿದೆ.

ಇದನ್ನು ಮೊದಲೇ ಹೇಳಿದ್ದು ಯಾಕೆಂದರೆ, ನಾನು ತಿಳಿಯದೆ ತಪ್ಪು ಮಾಡಿದೆ ಎಂದು ಯಾರೂ ನನ್ನ ಮೇಲೆ ಕನಿಕರ ಪಡುವುದು ಬೇಡ.

ಸಂಚಿತಾ ನನ್ನ ಒಬ್ಬಳೇ ಮಗಳು. ಮೈಕ್ರೋಬಯಾಲಜಿ ಓದಿ, ಕಳೆದ ವರ್ಷ ಜಪಾನಿನ ನೀಗಾಟ ಕಡೆಯ ಒಂದು ಹಳ್ಳಿಗೆ ಸಾಕೆ ಮಾಡುವುದನ್ನು ಕಲಿಯಲು ಹೋದಳು. ಸಾಕೆ ಎಂದರೆ ಅಕ್ಕಿ ಹುದುಗಿಸಿ ಮಾಡುವ ಅವರ ಮದ್ಯ. ಅದೇನು ದೊಡ್ಡ ಕಾರ್ಖಾನೆಯಲ್ಲ. ಹಿರಾನೊ ಎಂಬ ಎಪ್ಪತ್ತು ದಾಟಿದ ಹಿರಿಯರು, ಅವರ ಕೈಕೆಳಗೆ ಏಳೆಂಟು ಜನ, ಚಳಿಗಾಲದಲ್ಲಿ ಮಾತ್ರ ನಡೆಯುವ ಕೈಕೆಲಸ. ಅದನ್ನು ಕಲಿತು ಬಂದು ನಮ್ಮ ಊರಿನ ಕೆಂಪು ಕಜೆ ಅಕ್ಕಿಯಲ್ಲಿ ಇಲ್ಲೇ ಒಂದು ಸಣ್ಣ ಸಾಕೆಮನೆ ಮಾಡಬೇಕೆಂಬುದು ಅವಳ ಆಸೆ. ನಾನು ಗಿರಾಕಿಗಳ ಹತ್ತಿರ ‘ಮಗಳು ಅಕ್ಕಿಯ ರಿಸರ್ಚಿನಲ್ಲಿ ಇದ್ದಾಳೆ’ ಎನ್ನುತ್ತಿದ್ದೆ. ಅದೂ ಒಂದು ನಾಚಿಕೆಯೇ, ಆದರೆ ಸಣ್ಣದು.

ಫೆಬ್ರವರಿಯಲ್ಲಿ ಅವಳನ್ನು ನೋಡಲು ಹೋದೆ. ನನ್ನ ಹೆಂಡತಿ ಸ್ನೇಹಲತಾ ಮೊಣಕಾಲು ನೋವೆಂದು ಬರಲಿಲ್ಲ. ಹೊರಡುವ ಮೊದಲೇ ಮಗಳ ಫೋನು. “ಪಪ್ಪ, ಬರುವ ಮೊದಲು ಮೂರು ದಿವಸ ಮೊಸರು ತಿನ್ಲಿಕ್ಕಿಲ್ಲ. ಉಪ್ಪಿನಕಾಯಿ ತರ್ಲಿಕ್ಕಿಲ್ಲ. ಹೊರಗಿನ ಹುಳಿ ತಾಗಿದ್ರೆ ಇಲ್ಲಿಯ ಹೆಪ್ಪು ಹಾಳು. ಹುಲ್ಲಿನ ಹಗ್ಗ ಕಟ್ಟಿದ ಬಾಗಿಲು ಒಂದು ಉಂಟು, ಅದರ ಒಳಗೆ ಹೋಗ್ಲಿಕ್ಕೇ ಇಲ್ಲ. ಗೊತ್ತಾಯ್ತಲ್ಲ?”

“ಗೊತ್ತಾಯ್ತು ಮಾರಾಯ್ತಿ. ನಾನೆಂತ ಚಿಕ್ಕ ಮಗುವಾ?” ಎಂದು ರೇಗಿದೆ.

ಅಲ್ಲಿ ಹೊರಗೆ ಸೊಂಟದವರೆಗೆ ಹಿಮ. ಸಾಕೆಮನೆಯ ಒಳಗೆ ಕಾಲಿಟ್ಟರೆ ಬೆಂದ ಅಕ್ಕಿಯ ಹಬೆ. ಎರಡು ದಿನ ಪ್ರಯಾಣ ಮಾಡಿ, ಮಾತು ಬಾರದ ಊರಿನಲ್ಲಿ ಬಾಯಿ ಕಟ್ಟಿಕೊಂಡು ಕೂತವನಿಗೆ ಆ ವಾಸನೆ ಬಡಿದಾಗ ನನ್ನದೇ ಅಡುಗೆಕೋಣೆಗೆ ಬಂದಂತಾಯಿತು. ಹಿರಾನೊ ನನ್ನನ್ನು ಕೂರಿಸಿ ಚಹಾ ಕೊಟ್ಟರು. ಸಂಚಿತಾಳ ಬಗ್ಗೆ ಏನೋ ಹೇಳಿದರು. ಅವಳು ನಾಚಿ, ಭಾಷಾಂತರ ಮಾಡಲೇ ಇಲ್ಲ. ಮತ್ತೆ ಇಬ್ಬರೂ ಕೆಲಸದ ಬಟ್ಟೆ ಹಾಕಿಕೊಳ್ಳಲು ಹೋದರು. ಹತ್ತು ನಿಮಿಷ ಕೂರಿ ಎಂದಳು.

ಹತ್ತು ನಿಮಿಷ ಕೂರಲು ನನ್ನಿಂದ ಆಗಲಿಲ್ಲ. ಹಗ್ಗ ಕಟ್ಟಿದ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಹಂಡೆಯಷ್ಟು ದೊಡ್ಡ ಮರದ ತೊಟ್ಟಿ, ಅದರಲ್ಲಿ ಬೆಳ್ಳಗೆ ಉಬ್ಬಿ ನಿಂತ ಅಕ್ಕಿ. ನೋಡಿದ ಕೂಡಲೇ ಗೊತ್ತಾಯಿತು, ಇದು ಹೆಪ್ಪು. ಮುಂದೆ ದೊಡ್ಡ ತೊಟ್ಟಿಗಳಿಗೆ ಹಾಕಲು ಮೊದಲೇ ಮಾಡಿಡುವ ಮೂಲ. ಮೂವತ್ತೊಂದು ವರ್ಷದ ಅಭ್ಯಾಸ ಕೈಯನ್ನು ಎತ್ತಿತು ಎಂದು ಹೇಳಿಕೊಂಡು ತಿರುಗಬಹುದು. ಮೊದಲನೇ ಸಲಕ್ಕೆ ಅದು ನಿಜವೂ ಹೌದು. ಬೆರಳು ಅದ್ದಿದೆ, ನಾಲಗೆಗೆ ಇಟ್ಟೆ. ಅಂಥ ಹದವಾದ ಹುಳಿಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಆಸೆಯಾಯಿತು. ಯಾರೂ ಇರಲಿಲ್ಲ. ಅದೇ ಬೆರಳನ್ನು ಮತ್ತೊಮ್ಮೆ ಅದ್ದಿದೆ. ಆ ಎರಡನೇ ಸಲ ಅಮ್ಮನ ಸೌಟು ನೆನಪಾಗಿತ್ತು. ನೆನಪಾಗಿಯೂ ಅದ್ದಿದೆ.

ಅರ್ಧ ಗಂಟೆಯೊಳಗೆ ಅವರಿಗೆ ಗೊತ್ತಾಯಿತು. ಗಟ್ಟಿಯಾದ ಅಕ್ಕಿಯ ಮೇಲೆ ಎರಡು ತೂತು ಹಾಗೇ ಉಳಿದಿದ್ದವು. ಹಿರಾನೊ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮೆಲ್ಲಗೆ ಒಂದು ಪ್ರಶ್ನೆ ಕೇಳಿದರು. ಭಾಷೆ ಬಾರದಿದ್ದರೂ ಏನು ಕೇಳಿದರೆಂದು ನನಗೆ ಅರ್ಥವಾಯಿತು. ಸಂಚಿತಾ ನನ್ನ ಕೈ ನೋಡಿದಳು. ಉಗುರಿನ ಸಂದಿಯಲ್ಲಿ ಬಿಳಿ ಅಂಟಿತ್ತು. ನಾನು ಕೈಯನ್ನು ಕೋಟಿನ ಜೇಬಿಗೆ ಇಳಿಸಿದೆ.

ಅವಳು ಒಂದು ಹೆಜ್ಜೆ ಮುಂದೆ ಬಂದು ತಲೆ ಬಗ್ಗಿಸಿ ಒಂದು ಮಾತು ಹೇಳಿದಳು. ಅದೂ ನನಗೆ ಅರ್ಥವಾಯಿತು.

ನಾಲ್ಕು ಜನ ಆ ತೊಟ್ಟಿಯನ್ನು ಹೊತ್ತುಕೊಂಡು ಹೋಗಿ ಹಿಂದೆ ಹರಿಯುವ ತೋಡಿಗೆ ಸುರಿದರು. ಇಪ್ಪತ್ತು ದಿನದ ಕೆಲಸ. ಯಾರೂ ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ಸಂಜೆ ಹಿರಾನೊ ನನ್ನ ಮುಂದೆ ಬಂದು ನಡು ಬಗ್ಗಿಸಿ ನಿಂತರು. ದೂರದಿಂದ ಬಂದವರಿಗೆ ಇಂಥದ್ದನ್ನು ನೋಡುವಂತಾಯಿತು, ಕ್ಷಮಿಸಬೇಕು, ಮೂರು ದಿನ ಬಿಟ್ಟು ಮಗಳನ್ನು ಜೊತೆಗೇ ಕರೆದುಕೊಂಡು ಹೋಗಿ ಎಂದರೆಂದು ಸಂಚಿತಾ ಹೇಳಿದಳು. ನಾನೂ ಬಗ್ಗಿದೆ. ಕೈ ಇನ್ನೂ ಜೇಬಿನಲ್ಲೇ ಇತ್ತು.

ಆ ಮೂರು ದಿನ ಅವರ ಮನೆಯಲ್ಲೇ ಉಂಡೆ, ಮಲಗಿದೆ. ನಾಳೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡೇ ವಿಮಾನ ಹತ್ತಿದೆ. ವಿಮಾನದಲ್ಲಿ ಬಾಯಿ ತೆರೆದರೆ ಸಂಚಿತಾ, “ಆಯ್ತಲ್ಲ ಪಪ್ಪ, ಬಿಡಿ,” ಎಂದು ಕಣ್ಣು ಮುಚ್ಚಿದಳು. ನಾನು ಬಿಟ್ಟೆ. ಬಿಡುವುದು ಅಷ್ಟು ಸುಲಭವಾಗಿತ್ತು.

ಊರಿಗೆ ಬಂದ ಮೇಲೆ ಅವಳು ಹೋಟೆಲಿನ ಕೌಂಟರಿನಲ್ಲಿ ಕೂತು ಟೋಕನ್ ಹರಿಯತೊಡಗಿದಳು. ಸ್ನೇಹಲತಾ ಊಟಕ್ಕೆ ಬಡಿಸುವಾಗೆಲ್ಲ, “ಅಷ್ಟು ದೂರ ಹೋಗಿ ಎಂತ ಗಡಿಬಿಡಿ ನಿನಗೆ? ಕೈ ಸುಮ್ಮನೆ ಇರ್ಲಿಕ್ಕೆ ಆಗುದಿಲ್ವಾ?” ಎಂದು ಅವಳನ್ನು ಬೈಯುತ್ತಿದ್ದಳು. ಮಗಳು ತಲೆ ತಗ್ಗಿಸಿ ಉಣ್ಣುತ್ತಿದ್ದಳು. ನಾನು ಪಕ್ಕದಲ್ಲೇ ಕೂತು ಇನ್ನೊಂದು ಸೌಟು ಸಾರು ಹಾಕಿಸಿಕೊಳ್ಳುತ್ತಿದ್ದೆ. ಏಳು ತಿಂಗಳು ಹೀಗೆ ಉಂಡಿದ್ದೇನೆ.

ಸೆಪ್ಟೆಂಬರಿನಲ್ಲಿ ಹಿರಾನೊ ಅವರ ಪತ್ರ ಬಂತು. ಬೆಂಗಳೂರಿನಲ್ಲಿ ಯಾವುದೋ ಪ್ರದರ್ಶನಕ್ಕೆ ಬರುತ್ತಿದ್ದಾರೆ, ಒಂದು ದಿನ ಮಂಗಳೂರಿಗೆ ಬಂದು ಅವಳನ್ನು ನೋಡಿ ಹೋಗುತ್ತಾರೆ. ಅಕ್ಟೋಬರ್ ಹತ್ತಕ್ಕೆ ಹೊಸ ಚಳಿಗಾಲದ ಕೆಲಸ ಶುರು. ಸಂಚಿತಾಳ ಮುಖದಲ್ಲಿ ಏಳು ತಿಂಗಳ ಮೇಲೆ ಬಣ್ಣ ಬಂತು. ಮತ್ತೆ ಕರೆಯಬಹುದು ಎಂಬ ಆಸೆ. ಆದರೂ ನನ್ನನ್ನು ಒಂದು ಬದಿಗೆ ಕರೆದು, “ಪಪ್ಪ, ನೀವು ಎಂತದೂ ಹೇಳ್ಬೇಡಿ. ನಿಮ್ಮ ಮರ್ಯಾದೆ ಯಾಕೆ ಹೋಗುದು. ನಾನು ಕೇಳ್ಕೊಳ್ತೇನೆ,” ಎಂದಳು.

ಒಳಗೊಳಗೇ ನನಗೆ ಹಾಯೆನಿಸಿತು. ಆ ಹಾಯೆನಿಸಿದ್ದೇ ನನ್ನನ್ನು ಚುಚ್ಚಿತು. ತಪ್ಪು ಮಾಡಿದವನು ನಾನು, ನನ್ನ ಮರ್ಯಾದೆ ಕಾಯುವವಳು ಇಪ್ಪತ್ತಾರು ವರ್ಷದ ಈ ಹುಡುಗಿ. ಹೇಳಿಯೇ ಬಿಡುತ್ತೇನೆ ಎಂದು ನಿಶ್ಚಯ ಮಾಡಿದೆ.

ಭಾನುವಾರ ಬೆಳಿಗ್ಗೆ ಆರಕ್ಕೆ ಹಿರಾನೊ ಬಂದರು. ಸಣ್ಣ ದೇಹ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಹೋಟೆಲಿನ ಅಡುಗೆಕೋಣೆ ನೋಡಬೇಕೆಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೇಳದೆಯೇ ಮೊಣಕೈವರೆಗೆ ಕೈ ತೊಳೆದು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಒಳಗೆ ಬಂದರು. ಭಾನುವಾರದ ಜನಕ್ಕೆ ಬೇಕಾದಷ್ಟು ಹಿಟ್ಟು ದೊಡ್ಡ ಸ್ಟೀಲಿನ ಪಾತ್ರೆಯಲ್ಲಿ ಉಬ್ಬಿ ನಿಂತಿತ್ತು. ಇಪ್ಪತ್ತು ವರ್ಷದಿಂದ ನನ್ನಲ್ಲಿ ಹಿಟ್ಟು ರುಬ್ಬುವ ಗುಲಾಬಿ ಸೆರಗು ಸರಿಮಾಡಿಕೊಂಡು ಬದಿಗೆ ನಿಂತಳು. ಹಿರಾನೊ ಬಗ್ಗಿ ಹಿಟ್ಟನ್ನು ನೋಡಿದರು. ಮುಟ್ಟಲಿಲ್ಲ.

ನಾನು ಶುರು ಮಾಡಿದೆ. “ಸಂಚಿತಾ, ಇವರಿಗೆ ಹೇಳು. ಆ ದಿವಸ ಹೆಪ್ಪಿಗೆ ಬೆರಳು ಹಾಕಿದ್ದು ನಾನು. ಒಮ್ಮೆ ಅಲ್ಲ, ಎರಡು ಸಲ. ನೀನು ನನಗಾಗಿ ಸುಳ್ಳು ಹೇಳಿದ್ದು. ನಾನು ಹೇಡಿಯ ಹಾಗೆ ನಿಂತದ್ದು. ಎಲ್ಲ ಹೇಳು.”

ಅವಳು ಏನೋ ಹೇಳಿದಳು. ಎರಡೇ ಎರಡು ಮಾತು. ಹಿರಾನೊ ನಕ್ಕು, ಹಿಟ್ಟಿನ ಕಡೆ ನೋಡಿ ತಲೆಯಾಡಿಸಿದರು. ತಪ್ಪೊಪ್ಪಿಗೆ ಕೇಳಿದವರು ಹಾಗೆ ನಗುವುದಿಲ್ಲ.

“ಎಂತ ಹೇಳಿದ್ದು ನೀನು?”

“ಹಿಟ್ಟು ಎಂಟು ಗಂಟೆ ಹುದುಗಿದೆ ಅಂತ,” ಎಂದು ನೆಲ ನೋಡಿದಳು.

ಸಿಟ್ಟು ಬಂತು, ಅವಳ ಮೇಲಲ್ಲ, ನನ್ನ ಮೇಲೆಯೇ ಬಂತು. ಇನ್ನು ಮಾತಿನಿಂದ ಆಗುವುದಿಲ್ಲ. ನಾನು ಹಿರಾನೊ ಅವರ ಎದುರಿಗೆ ಹೋಗಿ ನಿಂತೆ. ತೋರುಬೆರಳನ್ನು ಎತ್ತಿ ತೋರಿಸಿದೆ. ಹಿಟ್ಟಿಗೆ ಅದ್ದಿದೆ. ನಾಲಗೆಗೆ ಇಟ್ಟೆ. ಆಮೇಲೆ ಅದೇ ಬೆರಳನ್ನು ಮತ್ತೆ ಪಾತ್ರೆಗೆ ಅದ್ದಿದೆ.

“ಅಯ್ಯೋ ದಣಿಗಳೇ, ಎಂಜಲು!” ಎಂದು ಗುಲಾಬಿ ಕಿರುಚಿದಳು.

ಬೆರಳನ್ನು ನನ್ನ ಎದೆಗೆ ಮುಟ್ಟಿಸಿ, “ಸಾಕೆ. ನಾನು,” ಎಂದೆ. ಎರಡೂ ಕೈ ಹೊರಗಿಟ್ಟು ನಡು ಬಗ್ಗಿಸಿದೆ. ಮೂಗಿನ ತುದಿಯಿಂದ ನೀರು ನೆಲಕ್ಕೆ ಬಿತ್ತು. ಬೆವರೋ ಕಣ್ಣೀರೋ ನೋಡಲು ಹೋಗಲಿಲ್ಲ.

ಹಿರಾನೊ ಮಾತಾಡಿದರು. ನಿಧಾನವಾಗಿ, ನಡುನಡುವೆ ನಿಲ್ಲಿಸಿ. ಸಂಚಿತಾ ಈ ಸಲ ಒಂದು ಮಾತನ್ನೂ ಬಿಡಲಿಲ್ಲ.

“ಅವರಿಗೆ ಆ ದಿವಸವೇ ಗೊತ್ತಿತ್ತಂತೆ ಪಪ್ಪ. ತೂತು ನನ್ನ ಬೆರಳಿನದ್ದಲ್ಲ, ದಪ್ಪ ಉಂಟು. ಮತ್ತೆ, ಜೇಬಿನಲ್ಲಿ ಕೈ ಇಟ್ಟು ಯಾರೂ ಬಗ್ಗುದಿಲ್ಲ ಅಂತ. ಹೆಪ್ಪು ಹಾಳಾದ್ರೆ ಇನ್ನೊಂದು ಇಡಬಹುದಂತೆ. ಅದಕ್ಕಾಗಿ ನನ್ನನ್ನು ಕಳಿಸಿದ್ದಲ್ಲ. ನಾನು ಸುಳ್ಳು ಹೇಳಿದ್ದಕ್ಕೆ ಕಳಿಸಿದ್ದು. ತೊಟ್ಟಿಗೆ ಎಂತ ಬಿತ್ತು ಅಂತ ಸರಿ ಹೇಳದವರು ಅಲ್ಲಿ ಕೆಲಸ ಮಾಡ್ಲಿಕ್ಕೆ ಆಗುದಿಲ್ಲ. ಮೂರು ದಿವಸ ಕಾದರಂತೆ. ನೀವು ಹೇಳ್ತೀರಿ ಅಂತ.”

ಮೂರು ದಿನ. ಅವರು ನನಗೆ ತಟ್ಟೆ ತಟ್ಟೆ ಅನ್ನ ಬಡಿಸಿದ ಮೂರು ದಿನ. ನಾಳೆ ಹೇಳುತ್ತೇನೆ ಎಂದು ನಾನು ಕಂಬಳಿ ಎಳೆದುಕೊಂಡ ಮೂರು ದಿನ. ಒಂದು ಮಾತು ಸಾಕಿತ್ತು. ಮಗಳು ಅಲ್ಲೇ ಉಳಿಯುತ್ತಿದ್ದಳು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಹಿರಾನೊ ಸಂಚಿತಾಳ ಕಡೆ ತಿರುಗಿ ಇನ್ನೇನೋ ಕೇಳಿದರು. ಅವರು ಅದನ್ನೇ ಮತ್ತೆ ಕೇಳಿದರು.

“ಎಂತ ಕೇಳ್ತಾರೆ?” ಎಂದೆ.

“ಅಕ್ಟೋಬರಿಗೆ ಬರುದಾದ್ರೆ ಬಾ. ಆದ್ರೆ ಆ ದಿವಸ ಎಂತಾಯ್ತು ಅಂತ ಈಗ ನನ್ನ ಬಾಯಿಂದಲೇ ಹೇಳ್ಬೇಕಂತೆ.”

“ಹೇಳು.”

“ನಿಮ್ಮ ಎದುರಿಗಾ ಪಪ್ಪ?”

“ನನ್ನ ಎದುರಿಗೇ ಹೇಳು.”

ಅವಳು ಹೇಳಿದಳು. ಉದ್ದಕ್ಕೆ, ತಡೆಯದೆ, ಏಳು ತಿಂಗಳು ನುಂಗಿಟ್ಟದ್ದೆಲ್ಲ. ಅದರಲ್ಲಿ ನನಗೆ ಗೊತ್ತಾದ ಪದ ಒಂದೇ: ಒತೋಸಾನ್. ಅಪ್ಪ ಎಂದು ಅರ್ಥ. ಆ ಪದ ಮತ್ತೆ ಮತ್ತೆ ಬಂತು. ಪ್ರತಿ ಸಲ ಬಂದಾಗಲೂ ನಾನು ತಲೆ ಎತ್ತದೆ ಕೇಳಿಸಿಕೊಂಡೆ. ಎಲ್ಲ ಮುಗಿದ ಮೇಲೆ ಹಿರಾನೊ ತಲೆಯಾಡಿಸಿ, ನಮ್ಮ ಪಾತ್ರೆಯನ್ನು ನೋಡಿದರು, ನನ್ನನ್ನು ನೋಡಿದರು.

ಪಾತ್ರೆಯ ಒಂದು ಕಡೆ ನಾನು ಹಿಡಿದೆ, ಇನ್ನೊಂದು ಕಡೆ ಸಂಚಿತಾ ಹಿಡಿದಳು. ಗುಲಾಬಿ, “ಭಾನುವಾರ ದಣಿಗಳೇ! ಜನ ಬರ್ತಾರೆ!” ಎನ್ನುತ್ತಲೇ ಹಿಂದಿನ ಬಾಗಿಲು ತೆರೆದಳು. ಹಿತ್ತಿಲಿನ ತೆಂಗಿನ ಬುಡಕ್ಕೆ ಅಷ್ಟೂ ಹಿಟ್ಟನ್ನು ಸುರಿದೆವು.

ಏಳಕ್ಕೆ ಬಾಗಿಲು ತೆರೆದಾಗ ಮೊದಲು ಬಂದವರು ಬಾಲಚಂದ್ರ ಭಟ್ಟರು. ದೇವಸ್ಥಾನದ ಅರ್ಚಕರ ಮನೆತನ, ನಿವೃತ್ತ ಮೇಷ್ಟ್ರು. ಹೊರಗೆ ಎಲ್ಲಿಯೂ ನೀರು ಕುಡಿಯದವರು, ನನ್ನ ಶುಚಿಯನ್ನು ನಂಬಿ ಇಪ್ಪತ್ತು ವರ್ಷದಿಂದ ಭಾನುವಾರದ ದೋಸೆ ನನ್ನಲ್ಲೇ ತಿನ್ನುತ್ತಾರೆ. ಹಲಗೆಯಲ್ಲಿ ‘ದೋಸೆ ಇಲ್ಲ’ ಎಂದು ಬರೆದದ್ದನ್ನು ಓದಿ, “ಎಂತ ಶೆಟ್ರೇ, ಗ್ರೈಂಡರ್ ಹಾಳಾಯ್ತಾ?” ಎಂದರು.

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಉತ್ತರವನ್ನು ಅವರೇ ನನ್ನ ಬಾಯಿಗೆ ಇಟ್ಟಿದ್ದರು. ಕೈ ತಾನಾಗಿಯೇ ಪ್ಯಾಂಟಿನ ಜೇಬಿನ ಕಡೆ ಹೋಯಿತು. ಹಿಂದಕ್ಕೆ ಎಳೆದು ಮೇಜಿನ ಮೇಲೆ ಇಟ್ಟೆ.

“ಇಲ್ಲ ಭಟ್ರೇ. ಹಿಟ್ಟಿಗೆ ಎಂಜಲು ಬೆರಳು ಬಿತ್ತು. ಚೆಲ್ಲಿದೆ.”

“ಶಿವ ಶಿವ! ಯಾರದ್ದು?”

“ನನ್ನದೇ.”

ಅವರು ಬೆಂಚಿನಿಂದ ಅರ್ಧ ಎದ್ದರು. ನನ್ನ ಬೆರಳನ್ನೂ ಮುಖವನ್ನೂ ನೋಡಿದರು. “ಇವತ್ತು ಮಾತ್ರವಾ ಶೆಟ್ರೇ?”

ಇಪ್ಪತ್ತು ವರ್ಷದ ಅಷ್ಟೂ ಭಾನುವಾರಗಳ ಲೆಕ್ಕ ಅವರ ಕಣ್ಣಲ್ಲಿತ್ತು.

“ಇಲ್ಲಿ ಇವತ್ತು ಮಾತ್ರ,” ಎಂದೆ. “ಇನ್ನೊಂದು ಕಡೆ ಇನ್ನೊಂದು ಸಲ ಆಗಿದೆ. ಅದರ ತಪ್ಪು ಮಗಳ ತಲೆಗೆ ಬೀಳ್ಲಿಕ್ಕೆ ಬಿಟ್ಟೆ. ಕೂತುಕೊಳ್ಳಿ, ಹೇಳ್ತೇನೆ.”

ಕೌಂಟರಿನಲ್ಲಿ ಸಂಚಿತಾ ಟೋಕನ್ ಪುಸ್ತಕವನ್ನು ಕೆಳಗಿಟ್ಟಿದ್ದಳು. ಫೆಬ್ರವರಿಯ ಮೇಲೆ ಮೊದಲ ಸಲ ಅವಳು ನನ್ನ ಮುಖವನ್ನು ನೇರವಾಗಿ ನೋಡುತ್ತಿದ್ದಳು. ನನಗೆ ಇನ್ನೂ ಅವಳನ್ನು ನೋಡಲು ಆಗಲಿಲ್ಲ.