ಪಿತ್ತ ಬಿದ್ದ ಮೇಲೆ

ಶೀತಲ ಡೇರೆಯೊಳಗಿನ ವಾಂತಿಯ ಮೇಲೆ ಎರಡು ಹಿಡಿ ಮರಳು ಹಾಕಿ, ಬಿಸ್ಕಿಟಿನ ರಟ್ಟಿನಿಂದ ಬಳಿದು ಹೊರಗೆ ಚೆಲ್ಲಿದಳು. ಬಾಟಲಿಯ ನೀರು ಹೆಪ್ಪುಗಟ್ಟಿತ್ತು. ಅದನ್ನು ಕಲ್ಲಿಗೆ ಕುಟ್ಟಿ ಒಡೆದು, ಬಟ್ಟೆ ತೋಯಿಸಿ ಅಣ್ಣ ಸಂಜಯನ ಗದ್ದ ಒರೆಸಿದಳು. ಅವನು ಕಣ್ಣು ಬಿಡಲಿಲ್ಲ. ಹೊರಗೆ ಜುನೇದ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತ ಕೂತಿದ್ದ.

ಸದಲಗಾದಲ್ಲಿ ಸಂಜಯ, ಜುನೇದ ಇಬ್ಬರೂ ಕೂಡಿ ಸೈಕಲ್ ಅಂಗಡಿ ಇಟ್ಟವರು. ಎಂಟನೇ ಇಯತ್ತೆಗೆ ಶಾಲೆ ಬಿಟ್ಟ ಶೀತಲ ಅಲ್ಲೇ ಪಂಕ್ಚರ್ ತೆಗೆಯುತ್ತಿದ್ದಳು. ಗಿರಾಕಿ ಏನು ಕೇಳಿದರೂ ತಲೆಯಾಡಿಸಿಯೇ ಉತ್ತರ. ಆ ಊರಲ್ಲಿ ಏರು ಎಂದರೆ ದೂಧಗಂಗಾ ಸೇತುವೆಯ ಏರು, ಅಷ್ಟೇ. ಅಂಥವರು ಮೂವರೂ ಹಿಮಾಲಯ ಹತ್ತುತ್ತೇವೆಂದು ಸೈಕಲ್ಲು, ಡೇರೆ ಹೇರಿಕೊಂಡು ಮನಾಲಿ ದಾಟಿ ಬಂದು ಆರು ದಿನವಾಗಿತ್ತು.

ನಿನ್ನೆ ಮುಂಜಾನೆ, ಕೆಳಗೆ ರಸ್ತೆಗೆ ಅಡ್ಡ ಹರಿಯುವ ಹಳ್ಳದ ಆಚೆಯ ಚಹಾದ ಡೇರೆಯಲ್ಲಿಯೇ ಸಂಜಯನ ತಲೆ ಸಿಡಿಯತೊಡಗಿತ್ತು. ಚಹಾದ ಮುದುಕ ಅವನ ಮುಖ ನೋಡಿದವನೇ ಕೆಳಗೆ ಕೈ ತೋರಿಸಿದ್ದ.

"ಏನಂತಾನಲೇ ಜುನ್ಯಾ?"

"ಎತ್ತರದ ಗಾಳಿ ಬಡದೇತಿ, ಇಂದೇ ಇಳೀರಿ ಅಂತಾನ."

"ಆರ ದಿನಾ ಬೆವರ ಸುರಿಸಿ ಏರೇವಿ. ನಾ ಏನ ಕಬ್ಬಿನ ಲಾರಿ ಅದೀನೇನ, ಲೋಡ್ ಇಳಿಸಿ ವಾಪಸ್ ಹೋಗಾಕ?"

ಎಲ್ಲರೂ ನಕ್ಕರು. ನಮ್ಮ ಕಡೆ ತಲೆ ಸಿಡಿದು ಹೊಟ್ಟೆ ತೊಳಸಿದರೆ ಅದಕ್ಕೆ ಒಂದೇ ಹೆಸರು, ಪಿತ್ತ. ಬಿಸಿನೀರಿಗೆ ಉಪ್ಪು ಹಾಕಿ ಗಟಗಟ ಕುಡಿಸುವುದು, ಬೆರಳು ಹಾಕಿ ಕಾರಿಸುವುದು. ಹಳದಿ ಬಿತ್ತೆಂದರೆ ಮುಗಿಯಿತು. ಅವ್ವ ಚನ್ನವ್ವ ಮಾಡುತ್ತಿದ್ದಂತೆಯೇ ಶೀತಲ ಉಪ್ಪುನೀರು ಕುಡಿಸಿದಳು, ಅಣ್ಣನ ಬೆನ್ನು ತಿಕ್ಕಿದಳು. ಹಳದಿ ಬಿತ್ತು.

"ಪಿತ್ತ ಬಿತ್ತು ದಾದಾ, ಇನ್ನ ಹಗುರಾಗ್ತೇತಿ," ಎಂದವಳು ಅವಳೇ. ಆ ಮಾತಿನ ಮೇಲೆಯೇ ಹಳ್ಳ ದಾಟಿ ಮತ್ತೆ ಮೇಲಕ್ಕೆ ಹತ್ತಿದ್ದರು.

ಈಗ ಮೇಲಿನಿಂದ ಒಂದು ಲಾರಿ ಇಳಿದು ಬಂದು ಡೇರೆಯ ಹತ್ತಿರ ನಿಂತಿತು. ಡ್ರೈವರ್ ಹಿಂದಿಯಲ್ಲಿ, ಎಲ್ಲ ಸರಿ ಇದೆಯಾ ಎಂದು ಕೇಳಿದ. ಜುನೇದ ಎಣ್ಣೆಗೈಯನ್ನೇ ಎತ್ತಿ, ಸರಿ ಇದೆ ಎಂದ. ಶೀತಲಳಿಗೆ ಏನೋ ಹೇಳಬೇಕೆನಿಸಿತು. ಪರಗಂಡಸಿನ ಮುಂದೆ ಬಾಯಿ ಏಳಲಿಲ್ಲ. ಲಾರಿ ಹೋಯಿತು.

ಅದು ಹೋದ ಸ್ವಲ್ಪ ಹೊತ್ತಿಗೆ ಸಂಜಯ ಎದ್ದು ಕೂತ. ಬೂಟಿನೊಳಗೆ ಕಾಲಿನ ಬದಲು ಕೈ ತೂರಿಸತೊಡಗಿದ.

"ಶೀತಲ, ಅಂಗಡಿ ಕದಾ ತಗದೀಯಿಲ್ಲ? ಗಿರಾಕಿ ನಿಂತಾರ ನೋಡ."

"ನಿದ್ದಿಗಣ್ಣಾಗ ಬಡಬಡಸಾಕತ್ತಾನ," ಎಂದು ಜುನೇದ ನಕ್ಕ.

ಶೀತಲ ನಗಲಿಲ್ಲ. ಅಣ್ಣನ ಬೆನ್ನಿಗೆ ಕಿವಿ ಹಚ್ಚಿದಳು. ತೂತು ಬಿದ್ದ ಟ್ಯೂಬನ್ನು ನೀರಿನಲ್ಲಿ ಅದ್ದಿದಾಗ ಬರುವ ಗುಳುಗುಳು ಸಪ್ಪಳ, ಎದೆಯೊಳಗೆ.

"ಜುನೇದಭಾಯಿ, ಇದು ಪಿತ್ತ ಅಲ್ಲ. ಎದಿಯಾಗ ನೀರ ತುಂಬೇತಿ. ಇಳಸೂನು ನಡೀರಿ."

ಜುನೇದ ಕಿವಿಗೊಟ್ಟು ಕೇಳಿದ. ಎದ್ದು ರಸ್ತೆಗೆ ಓಡಿದ. ಲಾರಿ ಹೋದ ದಾರಿಯಲ್ಲಿ ಧೂಳು ಕೂಡ ಉಳಿದಿರಲಿಲ್ಲ.

ಡೇರೆ ಅಲ್ಲೇ ಬಿಟ್ಟರು. ಮೇವಿನ ಪೆಂಡಿ ಹೇರಿದಂತೆ ಸಂಜಯನನ್ನು ಸೈಕಲ್ ಮೇಲೆ ಕೂರಿಸಿ, ಆಚೆಗೊಬ್ಬರು ಈಚೆಗೊಬ್ಬರು ಹಿಡಿದುಕೊಂಡು ಇಳಿದರು. ಹತ್ತು ಹೆಜ್ಜೆಗೊಮ್ಮೆ ನಿಲ್ಲಬೇಕಾಯಿತು. ಅವನ ತುಟಿ ನೇರಳೆ ಹಣ್ಣು ತಿಂದವರ ತುಟಿಯಂತಾಗಿತ್ತು. ಅವನ ಮಾತು ನಿಂತದ್ದು ಯಾವಾಗ ಎಂಬುದು ಇಬ್ಬರಿಗೂ ತಿಳಿಯಲಿಲ್ಲ. ಹಳ್ಳ ಮುಟ್ಟುವಾಗ ಹೊತ್ತು ಇಳಿದಿತ್ತು.

ನಿನ್ನೆ ಮುಂಜಾನೆ ಪಾದ ಮುಳುಗದಷ್ಟು ನೀರಿದ್ದ ಹಳ್ಳ. ಈಗ ಬಿಸಿಲಿಗೆ ಮೇಲಿನ ಹಿಮವೆಲ್ಲ ಕರಗಿ, ಬಂಡೆ ಉರುಳಿಸುತ್ತ ಭೋರ್ಗರೆಯುತ್ತಿತ್ತು. ಆಚೆ ದಂಡೆಯಲ್ಲಿ ಮೇಲಕ್ಕೆ ಬರಬೇಕಿದ್ದ ಬೇರೊಂದು ಲಾರಿ, ಒಂದು ಜೀಪು ನಿಂತಿದ್ದವು.

"ನೀ ಹಿಡಕೋ ಇವನ್ನ," ಎಂದು ಜುನೇದ ಇನ್ನೊಂದು ಮಾತಿಗೂ ನಿಲ್ಲದೆ ನೀರಿಗಿಳಿದ. ನಾಲ್ಕನೆಯ ಹೆಜ್ಜೆಗೆ ನೀರು ತೊಡೆ ಮುಟ್ಟಿತು, ಐದನೆಯದಕ್ಕೆ ಅವನನ್ನು ಕೆಡವಿತು. ಹೇಗೋ ಕಲ್ಲು ಹಿಡಿದು ತೆವಳಿಕೊಂಡು ಹಿಂದೆ ಬಂದವನು ದಂಡೆಯ ಮೇಲೆ ಬಿದ್ದುಕೊಂಡ. ಹಲ್ಲು ಕಟಕಟ ಕಡಿಯುತ್ತಿದ್ದವು, ಮಾತು ಹೊರಡಲಿಲ್ಲ.

ಆಚೆ ಜೀಪಿನವನು ನೀರು ನೋಡಿದ, ತಲೆ ಕೊಡವಿದ. ನಾಳೆ ಮುಂಜಾನೆ ನೀರು ಇಳಿಯುವ ತನಕ ಇಲ್ಲಿ ನಿಂತು ಏನು ಮಾಡುವುದು ಎಂಬಂತೆ ಗಾಡಿ ತಿರುಗಿಸಿ ಹೊರಟ. ಲಾರಿಯೂ ಹಿಂದಕ್ಕೆ ಸರಿಯತೊಡಗಿತು.

ಶೀತಲ ಅಣ್ಣನನ್ನು ಬಂಡೆಗೆ ಒರಗಿಸಿ, ನೀರಿನ ಅಂಚಿಗೆ ಓಡಿದಳು. ಜೀವಮಾನದಲ್ಲಿ ಕೂಗಿ ಗೊತ್ತಿಲ್ಲದವಳು ಎದೆ ಬಿರಿಯುವಂತೆ ಕೂಗಿದಳು. ಹಿಂದಿ ಒಂದು ಶಬ್ದವೂ ನೆನಪಾಗಲಿಲ್ಲ.

"ಅಣ್ಣಾರ, ಹೋಗಬ್ಯಾಡ್ರಿ! ನಮ್ಮ ದಾದಾನ್ನ ಕೆಳಗ ಒಯ್ಯರಿ!"

ಲಾರಿಯ ಕಿಟಕಿಯ ಗಾಜು ಏರಿಸಿತ್ತು. ಅದು ತಿರುಗಿ, ಜೀಪಿನ ಹಿಂದೆ ಇಳಿಯಿತು. ಅವಳು ಮೊಳಕಾಲು ಮಟ ನೀರಿಗೆ ಇಳಿದು ನಿಂತು, ಈ ಸಲ ಪಕ್ಕದಲ್ಲಿ ನಿಂತವರಿಗೆ ಹೇಳುವಷ್ಟು ಮೆಲ್ಲಗೆ ಹೇಳಿದಳು.

"ಕೆಳಗ ಒಯ್ಯರಿ."