ಹಾಲ್ವರನ ಮೇಣ

ನಮ್ಮೂರು ಎಲ್ಕ್ ಹಾಲೋದಲ್ಲಿ ಬೀಳುವಷ್ಟು ಹಿಮ ಕೊಲೊರಾಡೊದ ಉಳಿದ ಊರುಗಳನ್ನೆಲ್ಲ ಒಟ್ಟು ಸೇರಿಸಿದರೂ ಬೀಳುವುದಿಲ್ಲ. ನಮ್ಮ ಪಾದ್ರಿಗಳು ಮಹಡಿಯ ಕಿಟಕಿಯಿಂದ ಹೆಜ್ಜೆ ಹೊರಗಿಟ್ಟರೆ ಸಾಕು, ನಾಲ್ಕು ಮನೆಯ ಮಾಡು ದಾಟಿ ಊಟಕ್ಕೆ ಹೋಗಿ ಬರುತ್ತಿದ್ದರು.

ಆ ಹಿಮಕ್ಕೆಲ್ಲ ಒಡೆಯ ಅಂಚೆಯ ವರ್ಜಿಲ್ ಟ್ಯಾಕೆಟ್. ಆಳುದ್ದ ಮೀರಿದ ಮರದ ಹಲಗೆಗಳನ್ನು ಕಾಲಿಗೆ ಬಿಗಿದು ಗಣಿಯಿಂದ ಊರಿಗೆ ಜಾರಿದನೆಂದರೆ, ಅವನು ಬಂದು ಕಾಫಿ ಕುಡಿದು ಮುಗಿಸಿದ ಮೇಲೆ ಅವನ ನೆರಳು ಬಂದು ಸೇರುತ್ತಿತ್ತು. ಹೀಗಿರಲು ನಾರ್ವೆಯಿಂದ ಹಾಲ್ವರ್ ಎಂಬ ಬಡಗಿ ಬಂದ. ಗುಡ್ಡದ ಮಧ್ಯೆ ಹಿಮದ ದಿಬ್ಬ ಕಟ್ಟಿ, ಅದರ ತುದಿಯಿಂದ ಗಾಳಿಗೆ ನೆಗೆದ. ಊರು ಬಾಯಿ ತೆರೆದದ್ದು ವಾರವಾದರೂ ಮುಚ್ಚಲಿಲ್ಲ. ಚಳಿಗಾಲದಲ್ಲೊಂದು ಹಬ್ಬ ಮಾಡೋಣ, ದೂರ ನೆಗೆದವನಿಗೆ ತಗಡಿನ ಕಿರೀಟ ತೊಡಿಸಿ ಹಿಮರಾಜನೆಂದು ಕರೆಯೋಣ ಎಂದು ಎಲ್ಲರೂ ಕುಣಿದಾಡಿದರು. ನಮ್ಮೂರ ಹಬ್ಬ ಹುಟ್ಟಿದ್ದು ಹಾಗೆ.

"ಹಾಲ್ವರ್ ಹಾರಿದ್ದು ನೋಡ್ದ್ಯಾ? ಹದ್ದೂ ಕತ್ತೆತ್ತಿ ನೋಡ್ತು," ಎಂದಳು ವರ್ಜಿಲನ ಹೆಂಡತಿ ಐಡಾ.

"ಹದ್ದಿಗೇನು ಗೊತ್ತು? ಅದು ಯಾವತ್ತಾದ್ರೂ ಅಂಚೆ ಹೊತ್ತಿದ್ಯಾ?"

"ಹೊಟ್ಟೆಕಿಚ್ಚಾ?"

"ನಂಗಾ? ಆ ಬಡಗಿ ಮೇಲಾ? ಸುಮ್ನೆ ಆಲೂಗಡ್ಡೆ ಬಡಿಸು."

ಬಡಿಸಿದ ಆಲೂಗಡ್ಡೆ ತಟ್ಟೆಯಲ್ಲೇ ಉಳಿಯಿತು. ಹಬ್ಬಕ್ಕೂ ಮೊದಲೇ ಊರ ಹೆಂಗಸರ ಬಾಯಲ್ಲಿ ಹಾಲ್ವರ್ ರಾಜನಾಗಿದ್ದ. ಆ ಕಿರೀಟ ಅವನ ತಲೆಗೇರಿದರೆ, ತಾನು ಇಷ್ಟು ವರ್ಷ ಜಾರಿದ್ದೆಲ್ಲ ಬರೀ ಅಂಚೆ ಹಂಚಿದ್ದೆಂದಾಗುತ್ತದೆ. ಆ ಯೋಚನೆಯ ಕಾವಿಗೆ ವರ್ಜಿಲನ ಟೋಪಿಯ ಮೇಲಿನ ಹಿಮ ಕರಗಿ ಕಿವಿಯೊಳಗೆ ಸುರಿಯುತ್ತಿತ್ತು.

ಜಾರುವ ಗುಟ್ಟೆಲ್ಲ ಹಲಗೆಯ ಅಡಿಗೆ ಬಳಿಯುವ ಮೇಣದಲ್ಲೇ ಇದೆ ಎಂದು ನಮ್ಮವರ ನಂಬಿಕೆ. ತನ್ನ ಮೇಣದ ಪಾಕವನ್ನು ಯಾವ ಗಂಡಸೂ ಕಟ್ಟಿಕೊಂಡವಳಿಗೂ ಹೇಳುತ್ತಿರಲಿಲ್ಲ. ಹಬ್ಬದ ಬೆಳಿಗ್ಗೆ ಕಾಗದ ಕೊಡುವ ನೆಪದಲ್ಲಿ ವರ್ಜಿಲ್ ಹಾಲ್ವರನ ಮನೆಗೆ ಹೋದ. ಹಾಲ್ವರ್ ಒಲೆಯ ಮೇಲಿದ್ದ ಕಪ್ಪು ಅಂಟನ್ನು ಕೂಸಿಗೆ ಎಣ್ಣೆ ಹಚ್ಚಿದಂತೆ ಹಲಗೆಗೆ ಹಚ್ಚುತ್ತಿದ್ದ. ಅವನು ಸೌದೆ ತರಲು ಹೊರಗೆ ಹೋದದ್ದೇ ತಡ, ವರ್ಜಿಲ್ ಆ ಅಂಟನ್ನು ತನ್ನ ತಂಬಾಕಿನ ಡಬ್ಬಿಗೆ ತುಂಬಿಕೊಂಡು ನಡೆದ.

ಹಲಗೆಗಳನ್ನು ಹೆಗಲ ಮೇಲೆ ಹೊತ್ತು ಗುಡ್ಡ ಹತ್ತಿದ. ಮೇಲೆ ನಿಂತು ಅಂಟನ್ನು ದಪ್ಪಗೆ ಬಳಿದ. ಕೆಳಗೆ ಊರಿಗೂರೇ ನೆರೆದಿತ್ತು. ಡೆನ್ವರ್ ಪಟ್ಟಣವೇ ಖಾಲಿಯಾಗಿತ್ತೆಂದರೂ ಸುಳ್ಳಲ್ಲ. ಕೊಂಬು ಮೊಳಗಿತು. ವರ್ಜಿಲ್ ಕೋಲು ಊರಿ ಮುಂದಕ್ಕೆ ನೂಕಿದ.

ಹಲಗೆ ಕದಲಲಿಲ್ಲ.

ಮತ್ತೆ ನೂಕಿದ. ಮಾರು ದೂರ ತೆವಳಿ, ಕಡಿದಾದ ಇಳಿಜಾರಿನಲ್ಲಿ ನೆಟ್ಟ ಕಂಬದಂತೆ ನಿಂತುಬಿಟ್ಟ.

"ಏನಯ್ಯ ವರ್ಜಿಲ್, ಅಲ್ಲೂ ಯಾರಿಗೋ ಕಾಗದ ಬಂದಿದ್ಯಾ?" ಎಂದು ಕೆಳಗಿನಿಂದ ಕಮ್ಮಾರ ಕೂಗಿದ.

ಬೆನ್ನ ಹಿಂದೆ ಸರದಿ ಕಾಯುತ್ತಿದ್ದ ಹಾಲ್ವರ್ ಅಂಟಿನ ವಾಸನೆ ಹಿಡಿದು ಮೂಗರಳಿಸಿದ. "ಅಯ್ಯೋ, ಅದು ಹತ್ತೋ ಮೇಣ ಮಾರಾಯಾ! ಕಾಲು ಜಾರದೆ ಬೆಟ್ಟ ಹತ್ತೋಕೆ ಹಚ್ಚೋದು, ಮೇಲೆ ಬಂದ್ಮೇಲೆ ಕೆರೆದು ತೆಗೀಬೇಕು! ಕೇಳಿದ್ರೆ ನಾನೇ ಕೊಡ್ತಿರ್ಲಿಲ್ವಾ?"

ಹತ್ತುವಾಗ ಹಲಗೆ ಹೊರುವ, ಇಲ್ಲವೇ ಅದಕ್ಕೆ ಹಗ್ಗ ಸುತ್ತುವ ನಮ್ಮವರಿಗೆ ಅಂಥದ್ದೊಂದು ಮೇಣ ಇರುವುದೇ ಗೊತ್ತಿರಲಿಲ್ಲ. ಕಳ್ಳತನ ಬಯಲಾಯಿತು. ಆದರೆ ಊರು ನಕ್ಕ ನಗುವಿಗೆ ಎದುರಿನ ಬೆಟ್ಟದ ಹಿಮ ಧೊಪ್ಪನೆ ಕುಸಿಯಿತು! ಹಾಲ್ವರ್ ಅದೇ ಹೊತ್ತಿಗೆ ಮೋಡ ಮುಟ್ಟುವಂತೆ ನೆಗೆದ. ಕಣ್ಣೊರೆಸಿಕೊಳ್ಳುತ್ತಿದ್ದ ಜನ ಯಾರೂ ನೋಡಲಿಲ್ಲ.

ಸಂಜೆ ಹೆಂಡದಂಗಡಿಯಲ್ಲಿ ಎಲ್ಲರೂ ವರ್ಜಿಲನ ಸುತ್ತ. "ಇನ್ನೊಂದ್ಸಲ ಹೇಳೋ, ಹೆಂಗೆ ನಿಂತೆ?" ಮೂಲೆಯಲ್ಲಿ ಕಿರೀಟ ತೊಟ್ಟು ಒಬ್ಬನೇ ಕೂತಿದ್ದ ಹಾಲ್ವರನ ಮುಖ ಸುಟ್ಟ ಬದನೆಕಾಯಿಯಾಗಿತ್ತು. ವರ್ಜಿಲನಿಗೆ ಆ ಮುಖದ ಪರಿಚಯ ಚೆನ್ನಾಗಿತ್ತು. ಆ ರಾತ್ರಿ ಅವನು ಸುಖವಾಗಿ ಉಂಡ.

ಮರುವರ್ಷ ಹಬ್ಬಕ್ಕೆ ಜಾರದೆ ನಿಲ್ಲುವ ಪಂದ್ಯವೂ ಸೇರಿತು. ನೆಗೆತ ಬಿಟ್ಟು ಅದಕ್ಕೇ ಬಂದು ನಿಂತವನು ಹಾಲ್ವರ್! ಹೊಸ ಅಂಟು, ಹೊಸ ಪಾಕ. ವರ್ಜಿಲನ ಹಲಗೆ ಮೆಲ್ಲಗೆ ಜಾರತೊಡಗಿತು. ಹಾಲ್ವರ್ ಬಂಡೆಯಂತೆ ನಿಂತೇ ಇದ್ದ.

ಜಾರುತ್ತ ಬಂದು ವರ್ಜಿಲ್ ಐಡಾಳ ಕಾಲ ಬಳಿ ಬಿದ್ದ. ಅವಳು ಗಂಡನತ್ತ ತಿರುಗಲೂ ಇಲ್ಲ.

"ನಿಲ್ಲೋದಂದ್ರೆ ಅದಪ್ಪ ನಿಲ್ಲೋದು," ಎಂದಳು.

"ಅದೇನು ಮಹಾ," ಎಂದ ವರ್ಜಿಲ್, ಬಾಯಿಂದ ಹಿಮ ಉಗುಳುತ್ತ. "ಮರಾನೂ ನಿಲ್ಲತ್ತೆ."