ಮೆಟ್ಟಿಲ ಮೇಲೆ ಉಳಿದ ಟವಲ್ಲು

ಆಯುಧಪೂಜೆಯ ಮಾರನೆಯ ಬೆಳಿಗ್ಗೆ ಕಿರುಗಾವಲಿನ ಮೇಲೆ ಮೋಡ ಕವಿದಿತ್ತು. ಮಳೆ ಬರುವ ಹಾಗೂ ಇಲ್ಲ, ಬಿಟ್ಟು ಹೋಗುವ ಹಾಗೂ ಇಲ್ಲ. ನಾಲೆಯ ಕಡೆಯ ತಣ್ಣನೆ ಗಾಳಿ ಭತ್ತದ ಪೈರು ಸವರಿಕೊಂಡು ಬರುತ್ತಿತ್ತು. ಚಲುವರಾಜು ಮಿಂದು ದೇವರಿಗೆ ಕೈಮುಗಿದು, ಆಮೇಲೆ ಫೋನು ತೆಗೆದ.

ಮಗ ಶಶಿಧರ್ ಮಂಗಳೂರಿಂದ ಲಕ್ಷದ್ವೀಪಕ್ಕೆ ಸಾಮಾನು ಸಾಗಿಸುವ ಬೋಟಿನಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದ. ನಡುಗಡಲಲ್ಲಿ ಅವನ ಫೋನು ಸಿಗುತ್ತಿರಲಿಲ್ಲ. ಬೋಟಿನಲ್ಲಿರುವ ಒಂದು ಪೆಟ್ಟಿಗೆ ತಾನೆಲ್ಲಿದ್ದೇನೆಂದು ಸಾರುತ್ತಿರುತ್ತದಂತೆ; ಫೋನಿನ ನಕ್ಷೆಯಲ್ಲಿ ಅದು ಹಸಿರು ಬಾಣವಾಗಿ ಕಾಣುತ್ತಿತ್ತು. ಆ ಬಾಣಕ್ಕೂ ಕೈಮುಗಿಯದೆ ಚಲುವರಾಜು ಕಾಫಿ ಕುಡಿದವನಲ್ಲ.

ಅವತ್ತು ಬಾಣ ಇರಲಿಲ್ಲ.

ಒಡೆದ ಗಾಜು ಬದಲಿಸಲೆಂದು ಫೋನು ಹಿಂದಿನ ದಿನ ನಾಗಯ್ಯನ ರಿಪೇರಿ ಅಂಗಡಿಗೆ ಹೋಗಿ ಬಂದಿತ್ತು. ಚಲುವರಾಜು ಬಸ್ ಸ್ಟಾಂಡಿಗೆ ದಾಪುಗಾಲು ಹಾಕಿದ.

"ಲೇ ನಾಗಯ್ಯ, ನನ್ ಫೋನ್ನಾಗೆ ಏನ್ಲಾ ಕಿತ್ಕೊಂಡೆ?"

ನಾಗಯ್ಯ ಫೋನು ಆಫ್ ಮಾಡಿ ಆನ್ ಮಾಡಿದ, ನಕ್ಷೆ ಹಿಗ್ಗಿಸಿ ನೋಡಿದ. "ಮಿಕ್ಕಿದ್ ಬೋಟೆಲ್ಲಾ ಕಾಣ್ತಾವೆ ಕಣಣ್ಣ. ನಿಮ್ದೊಂದೇ ಇಲ್ಲ. ತೊಂದ್ರೆ ಅಲ್ಲೈತೆ, ಇಲ್ಲಿಲ್ಲ."

"ಅಲ್ಲೈತೆ ಅಂದ್ರೆ? ಮುಳುಗೋಯ್ತು ಅಂತೀಯೇನ್ಲಾ?"

ಪಕ್ಕದ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದವರು ತಿರುಗಿ ನೋಡಿದರು.

"ಅಂಗಲ್ಲ ಕಣಣ್ಣ..."

"ಒಳ್ಳೇ ಸಾಮಾನು ಎತ್ಕೊಂಡು ಹಳೇದು ತುಂಬಿದೀಯ. ಬಾ, ಮಾರಮ್ಮನ ಮುಂದೆ ಕರ್ಪೂರ ಆರ್ಸು!"

ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಆರಿಸಿ ಆಣೆ ಇಟ್ಟವನ ಮೇಲೆ ಆ ಊರಲ್ಲಿ ಮತ್ತೆ ಮಾತಿಲ್ಲ. ಆದರೆ ಕರ್ಪೂರದವರೆಗೆ ಒಬ್ಬನನ್ನು ಎಳೆಯುವುದು ಅವನ ಮಾನ ಕಳೆದಂತೆಯೇ. ನಾಗಯ್ಯ ಮಾರಮ್ಮನ ಗುಡಿಗೆ ನಡೆದು, ಹೆಗಲ ಟವಲ್ಲು ತೆಗೆದು ಮೆಟ್ಟಿಲ ಮೇಲಿಟ್ಟ. ಉರಿಯ ಮೇಲೆ ಕೈ ಒತ್ತಿ, "ನಾನೇನೂ ಕದ್ದಿಲ್ಲ ತಾಯಿ" ಎಂದ. ಯಾರ ಮುಖವನ್ನೂ ನೋಡದೆ ಹೊರಟುಹೋದ. ಟವಲ್ಲು ಅಲ್ಲೇ ಉಳಿಯಿತು. ಜನ ತುಳಿದಾಡುವುದು ಬೇಡವೆಂದು ಚಲುವರಾಜುವೇ ಅದನ್ನೆತ್ತಿ ಮನೆಗೆ ತಂದ.

ಸಂಜೆ ಶಶಿಧರ್ ಫೋನು ಬಂತು.

"ಅಪ್ಪಯ್ಯ, ಈಗ ದಡ ಸೇರಿದ್ವಿ. ಪೂಜೆಗೆ ಎಲ್ಲಾ ಯಂತ್ರಕ್ಕೂ ಹಾರ ಹಾಕು, ಒಂದ್ನೂ ಬುಡ್ಬೇಡ ಅಂದಿದ್ಯಲ್ಲ? ಆ ಪೆಟ್ಟಿಗೆಗೆ ಹಾರ ಹಾಕೋಕೆ ಆಂಟೆನಾ ವೈರು ಬಿಚ್ಚಿದ್ದೆ. ತಿರ್ಗಾ ಸಿಗಿಸೋದ್ ಮರ್ತೋಯ್ತು. ಪೆಟ್ಟಿಗೆ ದೀಪ ಉರೀತಿತ್ತಲ್ಲ, ಸರಿಯಾಗೇ ಐತೆ ಅನ್ಕಂಡೆ. ಬಂದರಿನೋರು ಚೆನ್ನಾಗಿ ಉಗುದ್ಮೇಲೆ ಸಿಗಿಸ್ದೆ."

ಹೆಂಡತಿ ಚಿಕ್ಕಬೋರಮ್ಮ ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು. "ಹಾರ ಹಾಕ್ಸಿದ್ದು ನೀವು, ಕೈ ಸುಟ್ಕಂಡೋನು ನಾಗಯ್ಯ" ಎಂದಷ್ಟೇ ಹೇಳಿ ಒಳಗೆ ಹೋದಳು.

ಫೋನಿನಲ್ಲಿ ಹಸಿರು ಬಾಣ ಮತ್ತೆ ಕಂಡಿತು. ಚಲುವರಾಜುವಿಗೆ ಕೈಮುಗಿಯಲು ಕೈಯೇ ಏಳಲಿಲ್ಲ. ಮಾರಮ್ಮನ ಎದುರಲ್ಲಿ ಸುಳ್ಳಾದವನು ಯಾರು? ಹಿತ್ತಲಿಗೆ ಹೋಗಿ ನಾಗಯ್ಯನ ಟವಲ್ಲನ್ನು ಸೋಪು ಹಚ್ಚಿ ಒಗೆದ. "ಇತ್ತ ಕೊಡಿ, ನಾನ್ ಒಗೀತೀನಿ" ಎಂದು ಹೆಂಡತಿ ಬಂದರೂ ಕೊಡಲಿಲ್ಲ.

ಮರುದಿನ, ಅದೇ ಜನ ಟೀಗೆ ಸೇರುವ ಹೊತ್ತಿಗೇ ಹೋದ. ನಾಗಯ್ಯ ಎಡಗೈಯಲ್ಲಿ ಅಂಗಡಿ ಗುಡಿಸುತ್ತಿದ್ದ. ಬಲ ಅಂಗೈಗೆ ಮುಲಾಮು ಮೆತ್ತಿತ್ತು. ಚಲುವರಾಜು ದೇವರ ಮುಂದೆ ನಿಲ್ಲುವವನಂತೆ ತನ್ನ ಹೆಗಲ ಟವಲ್ಲು ಇಳಿಸಿ ನಡುವಿಗೆ ಕಟ್ಟಿಕೊಂಡ.

"ತಪ್ಪು ನಂದು ಕಣಪ್ಪ. ನಾನ್ ಹಾಕ್ಸಿದ್ ಹಾರದಿಂದ್ಲೇ ಬೋಟು ಮರೆಯಾಗಿದ್ದು" ಎಂದ, ಟೀ ಅಂಗಡಿಯವರೆಗೂ ಕೇಳುವಂತೆ.

ನಾಗಯ್ಯ ಪೊರಕೆ ಗೋಡೆಗೆ ಒರಗಿಸಿದ. "ಮಗ ದಡ ಸೇರಿದ್ನಾ?"

"ಸೇರವ್ನೆ."

ಚಲುವರಾಜು ಒಗೆದು ಮಡಿಸಿದ್ದ ಟವಲ್ಲನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ, ಅವನ ಹೆಗಲ ಮೇಲಿಟ್ಟ.